ಕಾಲು ಗಂಟೆಗೆ ಒಣಗಿದ ಚಾದರ

ವಯಸ್ಸು ನಲವತ್ತರ ಆಚೀಚೆ. ಬಲಗೈ ಎಡಗೈಗಿಂತ ಒಂದು ಸುತ್ತು ದಪ್ಪ. ಕಣ್ಣು ಚುರುಕು, ಕಿವಿ ಅದಕ್ಕಿಂತ ಚುರುಕು, ಬಾಯಿ ಮಾತ್ರ ಬಲು ಜಿಪುಣ. ಅಂಗಡಿಗೆ ಬಂದರೆ ಸಾಮಾನಿನ ಮುಂಭಾಗ ನೋಡುವ ಮೊದಲು ಹಿಂಭಾಗ ನೋಡುತ್ತಾಳೆ. ಇಂಥ ಗಿರಾಕಿಯಿಂದ ಲಾಭ ಕಡಿಮೆ, ತಲೆನೋವೂ ಕಡಿಮೆ. ಒಮ್ಮೆ ಕೊಂಡರೆ ಹತ್ತು ವರ್ಷ ಈ ಕಡೆ ತಲೆ ಹಾಕುವುದಿಲ್ಲ. ಎಲ್ಲರೂ ಹೀಗೇ ಇದ್ದರೆ ಫ್ಯಾನು, ಕೂಲರು, ಎಸಿ ಮಾರುವ ನಾನು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಬೀಸಣಿಗೆ ಬೀಸಿಕೊಂಡು ಕೂರಬೇಕಾದೀತು.

ಬೀದಿಗೆಲ್ಲ ಆಕೆ ಇಸ್ತ್ರಿ ಅಕ್ಕ. ನನ್ನ ಅಂಗಡಿಯಿಂದ ಐದನೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಇಳಿಜಾರು ಜಾಗದಲ್ಲಿ ಆಕೆಯ ಮೇಜು. ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ, ತಾರಸಿಗೆ ತಲೆಕೊಟ್ಟು ಕೂತ ಒಂದೇ ಕೋಣೆ ಆಕೆಯ ಮನೆ. ಗಂಡ ಲಾರಿ ಹತ್ತಿ ಹೋದನೆಂದರೆ ಬರುವುದು ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ. ಮನೆಯಲ್ಲಿ ಇರುವವರು ಆಕೆ ಮತ್ತು ಎಪ್ಪತ್ತಾರು ದಾಟಿದ ಅತ್ತೆ. ಅತ್ತೆಗೆ ಮಂಡಿ ಹೋಗಿದೆ, ಮೆಟ್ಟಿಲಿಳಿದು ಎರಡು ವರ್ಷವಾಗಿದೆ.

ಮೂರು ಬೇಸಿಗೆಯ ಹಿಂದೆ ಆಕೆ ಟೇಬಲ್ ಫ್ಯಾನು ಕೇಳಿಕೊಂಡು ಬಂದಿದ್ದಳು. ನಾನು ರಿಮೋಟ್ ಇರುವುದನ್ನು ಮುಂದಿಟ್ಟೆ.

"ರಿಮೋಟು ಗಾಳಿ ಕೊಡುತ್ತಾ?"

"ಕೂತಲ್ಲಿಂದಲೇ ಹಾಕ್ಬಹುದು ಅಕ್ಕ."

"ಕೂರೋದು ಯಾರು?" ಎಂದು ರಿಮೋಟ್ ಇಲ್ಲದ್ದನ್ನು ಎತ್ತಿಕೊಂಡು ಹೊರಟಳು.

ಬಿಸಿಲಿನ ಜೊತೆ ಆಕೆಯ ವ್ಯವಹಾರವೂ ಹಾಗೆಯೇ, ಲೆಕ್ಕಾಚಾರದ್ದು. ದಪ್ಪ ಬಟ್ಟೆಗಳ ಇಸ್ತ್ರಿ ಬೆಳಕು ಹರಿಯುವ ಮೊದಲೇ ಮುಗಿಸುತ್ತಾಳೆ. ಹನ್ನೊಂದಕ್ಕೆ ಪೆಟ್ಟಿಗೆ ಆರಿಸಿ, ಮತ್ತೆ ಹಚ್ಚುವುದು ನಾಲ್ಕಕ್ಕೆ. ನಡುವಿನ ಹೊತ್ತು ಮಡಿಸುವುದು, ಗಂಟು ಕಟ್ಟುವುದು. ಮನೆಯ ಒಡೆಯನನ್ನು ಕಾಡಿ ತಾರಸಿಗೆ ಸುಣ್ಣ ಬಳಿಸಿದ್ದಾಳೆ. ಅತ್ತೆಯ ಮಂಚ ಬೆಳಿಗ್ಗೆ ಬಾಗಿಲ ಕಡೆ, ಮಧ್ಯಾಹ್ನ ಕಿಟಕಿಯ ಕಡೆ. ಕಿಟಕಿಗೆ ಹಳೆಯ ಹತ್ತಿ ಚಾದರವನ್ನು ನೀರಲ್ಲಿ ಅದ್ದಿ, ಹಿಂಡಿ ಕಟ್ಟುತ್ತಾಳೆ. ಓಣಿಯ ಗಾಳಿ ಅದನ್ನು ಹಾದು ಬರುವಾಗ ತಂಪಾಗುತ್ತದೆ. ಚಾದರ ಒಣಗುವ ಹೊತ್ತಿಗೆ ಸರಿಯಾಗಿ ಮೇಲೆ ಹೋಗಿ ಮತ್ತೆ ಅದ್ದುತ್ತಾಳೆ. ದಿನವಿಡೀ ಒದ್ದೆ ಬಟ್ಟೆಯ ಜೊತೆ ಬಾಳುವವಳಿಗೆ ಗಡಿಯಾರ ಬೇಡ, ಯಾವ ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆಂದು ಕೈಗೇ ಗೊತ್ತು.

ಈ ಬೇಸಿಗೆಯಲ್ಲಿ ಒಂದು ಸೋಮವಾರ ಮಧ್ಯಾಹ್ನ ಆಕೆ ಆ ಚಾದರವನ್ನೇ ತಂದು ನನ್ನ ಗಲ್ಲಾದ ಮೇಲೆ ಹಾಕಿದಳು.

"ಏನಕ್ಕ, ಬಟ್ಟೆ ವ್ಯಾಪಾರ ಶುರು ಮಾಡಿದ್ರಾ?"

"ಮುಟ್ಟಿ ನೋಡಿ."

ಮುಟ್ಟಿದೆ. ರಟ್ಟಿನಂತೆ ಸೆಟೆದಿತ್ತು.

"ಕಟ್ಟಿ ಕಾಲು ಗಂಟೆ ಆಯ್ತು, ಅಷ್ಟೆ. ಹೋದ ವಾರದವರೆಗೂ ಒಂದೂವರೆ ಗಂಟೆ ತಡೀತಿತ್ತು."

"ಬಿಸಿಲು ಏರಿದೆಯಲ್ಲ ಅಕ್ಕ."

"ನಮ್ಮ ಕಿಟಕಿಗೆ ಬಿಸಿಲೇ ಬೀಳಲ್ಲ. ಎದುರುಮನೆ ಎಸಿ ಉಸಿರು ಬೀಳುತ್ತೆ. ನೀವು ಒಂದ್ಸಲ ಮೇಲೆ ಬಂದು ನಿಂತ್ಕೊಳ್ಳಿ. ಆಮೇಲೆ ನೀವು ಹೇಳಿದ್ದೇ ಸರಿ."

ಹೊಟ್ಟೆ ಹೊತ್ತುಕೊಂಡು ಮೂರು ಮಹಡಿ ಹತ್ತಿದೆ. ಮಂಚದ ಮೇಲಿದ್ದ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರೇ ಇದು?"

"ಎಸಿ ಅಂಗಡಿ ಸಾಹುಕಾರ್ರು, ಅತ್ತೆ."

"ಓಹೋ. ಎದುರುಮನೆಗೆ ತಂಪು ಮಾರಿ, ನಮಗೆ ಬಿಸಿ ಪುಕ್ಕಟೆ ಕೊಟ್ಟೋರು ಇವರೇನಾ? ಕೂತ್ಕೋಪ್ಪಾ. ನಮ್ಮ ಸೊಸೆ ಕೆಳಗೆ ಊರೋರ ಬಟ್ಟೆ ಇಸ್ತ್ರಿ ಮಾಡ್ತಾಳೆ. ಮೇಲೆ ನಿನ್ನ ಮಿಷನ್ನು ನನಗೆ ಮಾಡ್ತಿದೆ. ಎಪ್ಪತ್ತಾರು ವರ್ಷದ ಸುಕ್ಕು, ಅಷ್ಟು ಸಲೀಸಾಗಿ ಹೋಗಲ್ಲ ಅಂತ ಹೇಳು ಅದಕ್ಕೆ."

"ಮಾತು ಸಾಕು, ನೀರು ಕುಡೀರಿ," ಎಂದು ಸೊಸೆ ಲೋಟ ಹಿಡಿದಳು.

"ಕುಡಿದ್ರೆ ಎದ್ದು ಹೋಗ್ಬೇಕು. ನನ್ನ ಎಬ್ಬಿಸೋಕೆ ನೀನು ಮೂರು ಮಹಡಿ ಓಡಿ ಬರ್ಬೇಕು. ಬೇಡ, ಸಂಜೆ ಕುಡೀತೀನಿ."

"ನೋಡಿ, ಬೆಳಿಗ್ಗೆಯಿಂದ ಇದೇ ರಾಗ," ಎಂದು ಆಕೆ ನನ್ನ ಕಡೆ ತಿರುಗಿ ಕಿಟಕಿಯನ್ನು ತೋರಿಸಿದಳು.

ನಿಂತೆ. ಓಣಿ ಎಷ್ಟು ಕಿರಿದೆಂದರೆ ಇಲ್ಲಿಂದ ಕೈ ಚಾಚಿದರೆ ಅಲ್ಲಿ ನಿಂತವರು ಹಿಡಿದುಕೊಳ್ಳಬಹುದು. ಎದುರು ಗೋಡೆಯಲ್ಲಿ, ಸರಿಯಾಗಿ ಈ ಕಿಟಕಿಯ ಮಟ್ಟಕ್ಕೆ, ನಿವೃತ್ತ ಪೋಸ್ಟ್‌ಮಾಸ್ಟರರ ಎಸಿಯ ಹೊರಪೆಟ್ಟಿಗೆ ತಿರುಗುತ್ತಿತ್ತು. ಅದರ ಬಿಸಿಗಾಳಿ ಮುಖಕ್ಕೆ ರಪ್ಪೆಂದು ಬಡಿಯಿತು, ಒಲೆಯ ಬಾಯಿಯ ಮುಂದೆ ಬಗ್ಗಿದ ಹಾಗೆ. ನನ್ನ ಕಣ್ಣಿನ ನೀರೇ ಆರಿಹೋಯಿತು.

ಹೋದ ವಾರ ಆ ಪೆಟ್ಟಿಗೆ ಅಲ್ಲಿ ಕೂತದ್ದು ಹೇಗೆಂದು ನನಗೆ ಗೊತ್ತಿತ್ತು. ಒಳಗಿನ ಎಸಿಗೂ ಹೊರಪೆಟ್ಟಿಗೆಗೂ ನಡುವೆ ಹಾಕಲು ಕಂಪನಿ ಕೊಡುವ ತಾಮ್ರದ ಪೈಪು ಮೂರು ಮೀಟರು. ತಾರಸಿಯ ಮೇಲಿಡಲು ಎಂಟು ಮೀಟರು ಬೇಕು. ಹೆಚ್ಚಿನ ಪೈಪಿನ ಮಾತೆತ್ತಿದರೆ ಪೋಸ್ಟ್‌ಮಾಸ್ಟರು ಚೌಕಾಸಿಗೆ ಕೂತು ವ್ಯಾಪಾರವೇ ಕೆಟ್ಟೀತೆಂದು, ಓಣಿಯ ಗೋಡೆಗೇ ಹೊಡಿ ಎಂದು ಫಿಟ್ಟರಿಗೆ ಹೇಳಿದವನು ನಾನು. ಆಚೆ ಕಿಟಕಿ ಯಾರದೆಂದು ಕೇಳಿರಲಿಲ್ಲ.

"ಒಂದು ಕೂಲರ್ ಹಾಕಿಬಿಡೋಣ ಅಕ್ಕ. ನಿಮಗೆ ಅಂತ ರೇಟು ಬಿಟ್ಟು ಕೊಡ್ತೀನಿ." ನಾಲಿಗೆಗೆ ಅಭ್ಯಾಸ.

"ಕೂಲರ್ ಎಳ್ಕೊಳ್ಳೋದೂ ಇದೇ ಗಾಳಿನೇ ಅಲ್ವಾ?"

"ಕಿಟಕಿ ಮುಚ್ಚಿದ್ರೆ?"

"ಇರೋದು ಒಂದು. ಅದನ್ನೂ ಮುಚ್ಚಿದ್ರೆ ಇವರು ಉಸಿರಾಡೋದೆಲ್ಲಿ? ಕೆಳಗೆ ಕರ್ಕೊಂಡ್ ಹೋಗೋಣ ಅಂದ್ರೆ ಮೇಜಿನ ಪಕ್ಕ ಚಾಪೆ ಹಾಸೋಕೂ ಜಾಗ ಇಲ್ಲ. ಅದನ್ನ ಅಲ್ಲಿಂದ ತೆಗೆಸಿ. ಅಷ್ಟೇ ನಾನು ಕೇಳ್ತಿರೋದು."

"ಪೋಸ್ಟ್‌ಮಾಸ್ಟರ್ ಒಪ್ಪಬೇಕು. ಫಿಟ್ಟರಿಗೂ ಪುರುಸೊತ್ತಾಗಬೇಕು, ಸೀಸನ್ನು ನೋಡಿ. ನಾಲ್ಕು ದಿನ ಕೊಡಿ."

"ಇವತ್ತು ಸೋಮವಾರ."

"ಶುಕ್ರವಾರ ಖಂಡಿತ."

ಮಾತಿಗೆ ಆಕೆ ಬೆಲೆ ಕೊಡುತ್ತಾಳೆ. ಸರಿ ಎಂದಳು, ಮತ್ತೆ ಕೇಳಲು ಬರಲಿಲ್ಲ. ಕಾಲು ಗಂಟೆಗೊಮ್ಮೆ ಮೂರು ಮಹಡಿ ಹತ್ತಿ ಚಾದರ ಅದ್ದಿ ಇಳಿಯತೊಡಗಿದಳು. ಬುಧವಾರದ ಹೊತ್ತಿಗೆ ಆಕೆಯ ಮೇಜಿನ ಕೆಳಗೆ ಇಸ್ತ್ರಿಯಾಗದ ಗಂಟುಗಳು ಬೆಳೆದಿದ್ದವು, ಗಿರಾಕಿಗಳು ಗೊಣಗಲು ಶುರು ಮಾಡಿದ್ದರು. ಬಟ್ಟೆ ತರಲು ಹೋದ ನನ್ನ ಹೆಂಡತಿಗೆ, "ನಾಳೆ ಕೊಡ್ತೀನಿ, ಕಾಲು ಬಾತಿದೆ," ಎಂದಳಂತೆ. ಆಕೆ ತನ್ನ ಮೈಯ ಬಗ್ಗೆ ಒಂದು ಮಾತು ಆಡಿದ್ದು ಇದೇ ಮೊದಲೆಂದು ಹೆಂಡತಿ ಬಂದು ಹೇಳಿದಳು.

ಮಂಗಳವಾರ ಮಧ್ಯಾಹ್ನ ಫಿಟ್ಟರು ಖಾಲಿ ಇದ್ದ. "ಹೊಸ ಕೆಲಸ ಏನಾದ್ರೂ ಇದೆಯಾ ಅಣ್ಣ?" ಎಂದು ಕೇಳಿದ. ಒಂದು ಕ್ಲಿನಿಕ್ಕಿಗೆ ಎರಡು ಎಸಿ ಹೋಗಬೇಕಿತ್ತು, ಅಲ್ಲಿಗೆ ಕಳಿಸಿದೆ. ಪೋಸ್ಟ್‌ಮಾಸ್ಟರು ಬುಧವಾರ ಬೆಳಿಗ್ಗೆ ನನ್ನ ಅಂಗಡಿಯ ಮುಂದೆಯೇ ಹಾದು ಹೋದರು. ಶುಕ್ರವಾರ ಇನ್ನೂ ದೂರವಿದೆಯಲ್ಲ ಎಂದು ಕರೆಯಲಿಲ್ಲ.

ಗುರುವಾರ ಎರಡೂವರೆಯ ಹೊತ್ತು. ಅಂಗಡಿಗೆ ಬಂದಿದ್ದ ಗಂಡ ಹೆಂಡತಿ ಒಂದೂವರೆ ಟನ್ನಿನ ಎಸಿಯನ್ನು ಹೆಚ್ಚುಕಡಿಮೆ ಒಪ್ಪಿಕೊಂಡಿದ್ದರು. ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಇಸ್ತ್ರಿ ಅಕ್ಕ ಒಳಗೆ ಬಂದಳು. ಬೆನ್ನಿಗೆ ದೊಡ್ಡ ಗಂಟು. ಬಟ್ಟೆಯೆಂದುಕೊಂಡೆ. ಗಂಟಿನಿಂದ ಎರಡು ಸಣಕಲು ಕಾಲು ಇಳಿಬಿದ್ದಿದ್ದವು. ದಿನಾ ಹೊರುವ ಬಟ್ಟೆಗಂಟಿನ ಹಾಗೆಯೇ, ಚಾದರದ ತುದಿಗಳನ್ನು ಎದೆಯ ಮೇಲೆ ಬಿಗಿದು, ಅತ್ತೆಯನ್ನು ಮೂರು ಮಹಡಿ ಇಳಿಸಿ ತಂದಿದ್ದಳು.

ಡೆಮೋಗೆಂದು ಓಡುತ್ತಿದ್ದ ಎಸಿಯ ಕೆಳಗೆ ಮಂಡಿಯೂರಿ ಗಂಟು ಬಿಚ್ಚಿದಳು.

"ಅಕ್ಕ, ಗಿರಾಕಿಗಳಿದ್ದಾರೆ. ಹಿಂದೆ ಗೋಡೌನಲ್ಲಿ ಮಲಗಿಸಿದ್ರೆ..." ಎಂದು ನಾನು ತಡವರಿಸಿದೆ.

"ಗೋಡೌನಲ್ಲಿ ಎಸಿ ಇದೆಯಾ?"

"ಇಲ್ಲ."

"ಮತ್ತೆ? ನೀರು ತನ್ನಿ. ಆಂಬುಲೆನ್ಸಿಗೆ ಫೋನ್ ಮಾಡಿ. ಕತ್ತು ಮುಟ್ಟಿದೆ, ಒಂದು ಹನಿ ಬೆವರಿಲ್ಲ ಇವರಿಗೆ. ಪೂರ್ತಿ ಒಣಗಿದ್ದಾರೆ."

ಧ್ವನಿ ಏರಿರಲಿಲ್ಲ. ಇಸ್ತ್ರಿಗೆ ಮೊದಲು ಬಟ್ಟೆಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ಅದರಿಂದ ಅಜ್ಜಿಯ ಮುಖಕ್ಕೆ, ಕತ್ತಿಗೆ, ಎದೆಗೆ ಚಿಮುಕಿಸಿದಳು. ಒದ್ದೆ ಬಟ್ಟೆಯನ್ನು ಕಂಕುಳಿಗೆ ಒತ್ತಿದಳು. ಎಸಿ ಕೊಳ್ಳಲು ಬಂದಿದ್ದ ಹೆಂಗಸು ಕೇಳದೆಯೇ ಕೆಳಗೆ ಕೂತು, ಬೆಲೆಪಟ್ಟಿಯ ರಟ್ಟಿನಿಂದ ಗಾಳಿ ಬೀಸತೊಡಗಿದಳು.

"ಅತ್ತೆ, ನಾನ್ಯಾರು ಹೇಳಿ."

ಅಜ್ಜಿ ಕಣ್ಣು ಬಿಟ್ಟಳು. ಏನೋ ಒಂದು ಚುಚ್ಚುಮಾತು ಬರುತ್ತದೆಂದು ನಾನೂ ಕಾದೆ. ತುಟಿ ಅಲುಗಿತು, ಮಾತು ಬರಲಿಲ್ಲ.

ಆಸ್ಪತ್ರೆಯಲ್ಲಿ ಒಂಬತ್ತು ದಿನ. ತಕ್ಷಣ ಮೈ ತಣಿಸಿದ್ದರಿಂದ ಜೀವ ಉಳಿಯಿತು, ಆದರೆ ಕಾವು ಮಿದುಳಿಗೆ ಏರಿದೆ, ಮೊದಲಿನ ಹಾಗಾಗುವುದು ಕಷ್ಟ ಎಂದರು ಡಾಕ್ಟರು.

ಆ ಗುರುವಾರ ಸಂಜೆಯೇ ನಾನು ಪೋಸ್ಟ್‌ಮಾಸ್ಟರರ ಬಾಗಿಲು ತಟ್ಟಿದೆ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು, "ಇದಕ್ಕೆ ನನ್ನ ಒಪ್ಪಿಗೆ ಕಾಯ್ತಾ ಇದ್ರಾ?" ಎಂದರು. "ಪೈಪಿನ ದುಡ್ಡು ನಾನೇ ಕೊಡ್ತಿದ್ದೆನಲ್ಲ ಮಾರಾಯ್ರೇ. ಬಂದು ಒಂದು ಮಾತು ಹೇಳೋದಲ್ವಾ?" ಫಿಟ್ಟರು ಪೆಟ್ಟಿಗೆಯನ್ನು ತಾರಸಿಗೆ ಏರಿಸಿದ. ಎರಡು ಗಂಟೆಯ ಕೆಲಸ.

ಈಗ ಕೋಣೆ ಮೊದಲಿನ ಹಾಗೆ ಇದೆ. ಅಜ್ಜಿ ಮಂಚದ ಮೇಲೆ ಗೋಡೆಗೊರಗಿ ಕೂರುತ್ತಾಳೆ. ಸೊಸೆ ಒಳಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಯಾರಮ್ಮ ನೀನು?"

"ಇಸ್ತ್ರಿಯವಳು," ಎನ್ನುತ್ತಾಳೆ ಸೊಸೆ. ಮೊದಮೊದಲು ಸೊಸೆ ಎಂದೇ ಹೇಳುತ್ತಿದ್ದಳಂತೆ. ಹಾಗೆಂದರೆ ಅಜ್ಜಿ ಹೆದರಿ, ನನ್ನ ಮಗನಿಗೆ ಮದುವೆ ಯಾವಾಗ ಆಯಿತೆಂದು ಅಳುತ್ತಿದ್ದಳಂತೆ.

ಮೊನ್ನೆ ನನ್ನ ಅಂಗಿಗಳನ್ನು ತರಲು ನಾನೇ ಹೋಗಿದ್ದೆ. ಅತ್ತೆ ಹೇಗಿದ್ದಾರೆಂದು ಕೇಳಿದೆ.

"ನೀರು ಕೊಟ್ರೆ ಈಗ ಬೇಡ ಅನ್ನಲ್ಲ. ಕುಡೀತಾರೆ." ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದಳು. "ತಪ್ಪು ನಂದೇ ಸಾಹುಕಾರ್ರೇ. ಸೋಮವಾರವೇ ಹೊತ್ಕೊಂಡು ಇಳೀಬೇಕಿತ್ತು. ಪಾಪ, ನೀವಾದ್ರೂ ಏನ್ಮಾಡ್ತೀರಿ, ಫಿಟ್ಟರ್ ಸಿಗಬೇಕು, ಅವರು ಒಪ್ಪಬೇಕು."

  ಅಂಗಿ ತೆಗೆದುಕೊಂಡು ಬಂದೆ. ರಾತ್ರಿ ಹಗಲು ಆಕೆ ತನ್ನನ್ನೇ ಬೈದುಕೊಳ್ಳುತ್ತಾಳೆಂದು ಊರಿಗೆ ಮರಳಿದ ಗಂಡ ಹೇಳುತ್ತಾನೆ.

ಮಂಗಳವಾರ ಫಿಟ್ಟರು ಖಾಲಿ ಇದ್ದ, ಪೋಸ್ಟ್‌ಮಾಸ್ಟರರನ್ನು ಗುರುವಾರದವರೆಗೆ ನಾನು ಕೇಳಿಯೇ ಇರಲಿಲ್ಲ. ಈ ಎರಡು ಮಾತನ್ನು ಇಸ್ತ್ರಿ ಅಕ್ಕನ ಮುಂದೆ ನಿಂತು ಹೇಳಬೇಕಾದ ಋಣ ನನ್ನ ಮೇಲಿದೆ. ಇನ್ನೂ ಹೇಳಿಲ್ಲ.