ಡ್ರ್ಯಾಗನ್ ಮೊಸಳೆಯಾದ ದಾರಿ

ಮಕ್ಕಳಿಗಾಗಿ ಬರೆದ ಅದ್ಭುತ ಸಾಹಸದ ಕಾದಂಬರಿಗಳಲ್ಲಿ, ಹತ್ತನೆಯ ಪುಟ ದಾಟುವಷ್ಟರಲ್ಲಿ, ಬಿಳಿಗಡ್ಡದ ಮುದುಕನೊಬ್ಬ ಎದುರಾಗುವುದನ್ನು ನೀವೂ ಗಮನಿಸಿರಬಹುದು. ಸಾವಿರಾರು ವರ್ಷಗಳ ಹಿಂದಿನ ಐತಿಹ್ಯವನ್ನು ಶಾಪ, ವಿಮೋಚನೆ, ಗುಹೆಯ ದಿಕ್ಕು ಸಮೇತ ಒಂದಕ್ಷರ ತಪ್ಪದೆ ಒಪ್ಪಿಸಿ, ಮುಂದಿನ ಅಧ್ಯಾಯದಲ್ಲಿ ಆತ ಸಾಮಾನ್ಯವಾಗಿ ಸತ್ತುಹೋಗುತ್ತಾನೆ. ನಾನು ಬಲ್ಲ ಮುದುಕರೇ ಬೇರೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವರು. ಆ ಗುಂಪಿಗೆ ಈಚೆಗೆ ನಾನೂ ಸೇರಿದ್ದೇನೆ. ದಿನಚರಿ ಬರೆಯುವ ಚಟವಿರುವುದರಿಂದ ನನ್ನ ನೆನಪಿನ ಯೋಗ್ಯತೆ ನನಗೆ ಲಿಖಿತವಾಗಿಯೇ ಗೊತ್ತು. ಮೌಳಂಗಿಯಲ್ಲಿ ಹೊಳೆಗೆ ಜಾರಿ ಬಿದ್ದವನು ಗೆಳೆಯನೆಂದು ಎಷ್ಟೋ ವರ್ಷ ನಗುತ್ತ ಹೇಳಿಕೊಂಡು ಬಂದೆ. ದಿನಚರಿಯ ಪ್ರಕಾರ ಬಿದ್ದವನು ನಾನು.

ಇಂಥವನು ಒಂದು ಕಾದಂಬರಿ ಬರೆದೆ. ಕಾಳಿ ನದಿಯ ತಳದಲ್ಲೊಂದು ಅರಮನೆ. ಅದರ ಒಡತಿ ಮೊಸಳೆರಾಣಿ, ಚಂದ್ರನ ಚೂರನ್ನೇ ಮೂಗುಬೊಟ್ಟಾಗಿ ಧರಿಸಿದವಳು. ಆ ಮೂಗುಬೊಟ್ಟು ಕಳುವಾಗಿ ಹುಣ್ಣಿಮೆಯೇ ಬಾರದೆ ಹೋದಾಗ ದಾಂಡೇಲಿಯ ಹುಡುಗಿಯೊಬ್ಬಳು ಅದನ್ನು ಹುಡುಕಿ ಹೊರಡುತ್ತಾಳೆ. ಕತೆ ನನ್ನದಲ್ಲ, ಅಜ್ಜನದು. ಕಟ್ಟಿಗೆ ತುಂಬಿದ ಲಾರಿಯನ್ನು ಜೊಯಿಡಾ, ಅನಮೋಡ ಘಾಟ ದಾಟಿಸಿ ಗೋವೆಗೆ ಒಯ್ಯುತ್ತಿದ್ದ ಅಜ್ಜ, ಊರಲ್ಲಿದ್ದ ದಿನ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದು. ಅವನದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ದನಿ ಮರೆತಿದೆ, ಮುಖ ಮಸುಕಾಗಿದೆ. ಅಜ್ಜನೆಂದು ನನ್ನ ಪಾಲಿಗೆ ಉಳಿದದ್ದು ಆ ಮೊಸಳೆಯೊಂದೇ. ಹಾಗಾಗಿ ಧಾರವಾಡದ ಪ್ರಕಾಶಕರು ಪುಸ್ತಕದ ಬೆನ್ನಿಗೆ ‘ಕಾಳಿ ತೀರದ ಪ್ರಾಚೀನ ಐತಿಹ್ಯವನ್ನು ಆಧರಿಸಿದ್ದು’ ಎಂದು ಬರೆದು ಕಳಿಸಿದಾಗ ನನ್ನ ಎದೆ ಉಬ್ಬಿತು.

ಅದನ್ನು ಇಳಿಸಿದವಳು ಹಳಿಯಾಳದಲ್ಲಿರುವ ಅಕ್ಕ. ಕರಡು ಓದಿ ಮುಗಿಸಿ ಫೋನ್ ಮಾಡಿದಳು.

“ಇದು ಅಜ್ಜನ ಕತಿ ಅಂತ ಯಾರ ಹೇಳಿದ್ರೋ ನಿನಗ?”

“ಅಜ್ಜನ ಹೇಳಿದ್ದ.”

“ಹೇಳಿರಬಹುದು. ಆದರ ಇದು ನಾ ಸಾಲ್ಯಾಗ ಐದನೇತ್ತಾ ಇದ್ದಾಗ ಲೈಬ್ರರಿಯಿಂದ ತಂದ ಪುಸ್ತಕದ್ದು. ಅದರಾಗ ಡ್ರ್ಯಾಗನ್ ಇತ್ತು, ಹಿಮದ ಗುಡ್ಡ ಇತ್ತು, ಕೆಂಪು ಹರಳು ಕಳುವಾಗಿತ್ತು. ದಿನಾ ಸಂಜೀಕ ಕಟ್ಟಿ ಮ್ಯಾಲ ಕುಂತು ಜೋರಾಗಿ ಓದ್ತಿದ್ದೆ. ನೀ ಆವಾಗ ಚಡ್ಡಿ ಹಾಕ್ಕೊಳ್ಳಾಕೂ ಅಳತಿದ್ದಿ.”

ತಲೆಮಾರುಗಳಿಂದ ಪೂಜಿಸಿಕೊಂಡು ಬಂದ ಮೂರ್ತಿಯ ಬುಡದಲ್ಲಿ ಕಾರ್ಖಾನೆಯ ಮುದ್ರೆ ಕಂಡಂತಾಯಿತು. ಕಾದಂಬರಿಕಾರರು ಪುರಾಣಗಳಿಂದ ಕದಿಯುತ್ತಾರೆಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ; ಕಾದಂಬರಿಯಿಂದ ಅಜ್ಜನೇ ಕದ್ದರೆ ಅದಕ್ಕೇನು ಹೆಸರೆಂದು ಯಾರೂ ಕಲಿಸಿರಲಿಲ್ಲ. ಪ್ರಾಚೀನತೆ ಹೋದರೆ ಹೋಗಲಿ. ಅಜ್ಜ ಈ ಕತೆಯಲ್ಲಿ ಇದ್ದಾನೋ ಇಲ್ಲವೋ? ಇಲ್ಲವೆಂದಾದರೆ ಅವನದೆನ್ನುವುದು ನನ್ನಲ್ಲಿ ಏನೂ ಉಳಿಯುವುದಿಲ್ಲ.

ಅಜ್ಜನ ಲಾರಿಯಲ್ಲಿ ಕ್ಲೀನರ್ ಆಗಿದ್ದ ಇಮಾಮಸಾಬರು ಜೊಯಿಡಾದಲ್ಲಿ ಮಗನ ಪಂಕ್ಚರ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆಂಬುದು ಅಕ್ಕನಿಗೆ ಗೊತ್ತಿತ್ತು. ಬಸ್ಸಿಗಾಗಿ ಕಾದು ಕಾದು ಇಬ್ಬರೂ ಹೋದೆವು.

“ಮೊಸಳಿ ರಾಣಿ ಕತಿ ಏನ್ರಿ? ಗೊತ್ತಿಲ್ಲದ ಏನು,” ಎಂದು ಅವರು ಉತ್ಸಾಹದಿಂದ ಶುರುಮಾಡಿದರು. ಅವರ ರಾಣಿ ಬೀಡಿ ಸೇದುತ್ತಿದ್ದಳು. ಕಳುವಾದದ್ದು ಲಾರಿಯ ಸ್ಟೆಪ್ನಿ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

“ಹಿಂಗ ಇರಲಿಲ್ಲಲ್ಲರಿ ಚಾಚಾ,” ಎಂದೆ.

“ಒಮ್ಮಿ ಹೇಳಿದಂಗ ಇನ್ನೊಮ್ಮಿ ಎಲ್ಲಿ ಹೇಳತಿದ್ರು ನಿಮ್ಮಜ್ಜಾರು? ಸ್ಟೇರಿಂಗ್ ಹಿಡಕೊಂಡು ಕತಿ ಹೇಳಿದ್ರನ ಅವರಿಗೆ ನಿದ್ದಿ ಬರತಿರಲಿಲ್ಲ. ನಾ ಹ್ಞೂಂ ಅನ್ನಬೇಕು. ಹ್ಞೂಂ ನಿಂತ್ರ ತಲಿಗೆ ಒಂದು ಬೀಳತಿತ್ತು. ಘಾಟ ಮುಗಿಯೂತನಕ ಕತಿ ಮುಗೀಬಾರದು. ಲೋಡ್ ಇದ್ರ ಗಾಡಿ ಸಾವಕಾಶ, ಕತಿನೂ ಉದ್ದ. ಖಾಲಿ ಬಂದ್ರ ಸಣ್ಣದು.”

“ಡ್ರ್ಯಾಗನ್ ಅಂತ ಏನರ ಹೇಳಿದ್ರೇನ್ರಿ?” ಅಕ್ಕ ಕೇಳಿದಳು.

“ಮೊದಲ ಸಲ ಹೇಳಿದ್ರಲ್ಲ. ಮೊಮ್ಮಗಳು ಓದಾಕತ್ಯಾಳ, ಭಾಳ ಛಲೋ ಐತಿ ಅಂದ್ರು. ಡ್ರ್ಯಾಗನ್ ಅಂದ್ರ ಹೆಂಗಿರತೈತ್ರಿ ಅಂತ ನಾ ಕೇಳಿದೆ. ಅವರಿಗೆಲ್ಲಿ ಗೊತ್ತಿತ್ತು? ಬ್ರಿಜ್ ಮ್ಯಾಲ ಹೊಂಟಿದ್ವಿ, ಕೆಳಗ ಕಲ್ಲಿನ ಮ್ಯಾಲ ಮೊಸಳಿ ಬಾಯಿ ತಕ್ಕೊಂಡು ಬಿದ್ದಿತ್ತು. ಅಗೋ, ಹಂಗ ಇರತೈತಿ ಅಂತ ತೋರಿಸಿದ್ರು. ಅವತ್ತಿಂದ ಮೊಸಳಿನ.”

ಅಕ್ಕ ಬಸ್ ಹತ್ತಿ ಕೂತಮೇಲೆ, ಕಿಟಕಿಯ ಕಡೆ ಮುಖ ಮಾಡಿ, “ಅಜ್ಜ ಕೇಳಸ್ಕೋತಿದ್ದ ಅಂತ ನನಗ ಗೊತ್ತ ಇರಲಿಲ್ಲೋ,” ಎಂದಳು. “ಅಂಗಳದಾಗ ಗಾಡಿ ಸಾಮಾನು ತಿಕ್ಕೋತ ಕುಂತಿರತಿದ್ದ. ಒಮ್ಮೆರ ನನ್ನ ಕಡೆ ತಿರುಗಿ ನೋಡಿದ್ದಿಲ್ಲ.”

ಬೀಡಿ ಸೇದುವ ರಾಣಿಯನ್ನು ಕಂಡವರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಸಂಶಯ ನನ್ನಂಥವನನ್ನು ಬಸ್ಸಿನಲ್ಲೂ ಬಿಡಲಿಲ್ಲ. ಆದರೂ ಸೇತುವೆಯ ಮೇಲಿಂದ ಕೆಳಗೆ ಚಾಚಿದ ಆ ಕೈಯನ್ನು ಮಾತ್ರ ನಂಬಿದೆ. ಐತಿಹ್ಯವೊಂದು ಹುಟ್ಟಲು ಸಾವಿರ ವರ್ಷ ಬೇಕೆಂದುಕೊಂಡಿದ್ದೆ. ಕ್ಲೀನರನ ಒಂದು ಪ್ರಶ್ನೆ ಸಾಕಾಯಿತು. ಹಿಮ ಕರಗಿ ಕಾಳಿಯಾಗಿ ಹರಿಯಿತು, ಕೆಂಪು ಹರಳು ಮೂಗುಬೊಟ್ಟಾಯಿತು. ತಾನು ಕಾಣದ ಲೋಕವನ್ನು ತಾನು ದಿನವೂ ದಾಟುವ ನದಿಗೆ ತಂದು ಬಿಟ್ಟ ಅಜ್ಜ, ಅದೇ ನದಿಯ ಸಮೇತ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಮೊಸಳೆ ಅವನದೇ.

ಪ್ರಕಾಶಕರಿಗೆ ‘ಪ್ರಾಚೀನ’ ಬೇಡವೆಂದೆ. “ಇರಲಿ ಬಿಡ್ರಿ ಸರ್, ಪ್ರಾಚೀನ ಅಂದ್ರ ಸಾಲಿಯವರು ತಗೋತಾರ,” ಎಂದರು. ನಾನು ಒಪ್ಪಲಿಲ್ಲ. ಪುಸ್ತಕದ ಬೆನ್ನಿಗೆ ‘ಅಕ್ಕ ಓದಿದ್ದು, ಅಜ್ಜ ಕೇಳಿಸಿಕೊಂಡು ಬದಲಿಸಿ ಹೇಳಿದ್ದು’ ಎಂದಷ್ಟೇ ಬರೆದುಕೊಟ್ಟೆ. ನನ್ನ ಕಾದಂಬರಿಯಲ್ಲೂ ಬಿಳಿಗಡ್ಡದವನೊಬ್ಬನಿದ್ದ. ಅವನನ್ನು ಸಾಯಿಸದೆ ಉಳಿಸಿಕೊಂಡೆ. ಈಗ ಆತ ಐತಿಹ್ಯವನ್ನು ಅರ್ಧಕ್ಕೇ ಮರೆತು, ದಾಂಡೇಲಿಯ ಆ ಎರಡು ಜಡೆಯ ಹುಡುಗಿಯತ್ತ ತಿರುಗಿ, “ಮುಂದೇನಾತವಾ?” ಎಂದು ಕೇಳುತ್ತಾನೆ. ಉಳಿದದ್ದನ್ನು ಅವಳು ಹೇಳುತ್ತಾಳೆ.

ತಿದ್ದಿದ ಪುಟಗಳನ್ನು ಓದಿ ಅಕ್ಕ ಕಣ್ಣೊರೆಸಿಕೊಂಡಳು. ಆಮೇಲೆ, “ಪ್ರಾಚೀನ ತಗದಿ, ಛಲೋ ಮಾಡಿದಿ,” ಎಂದಳು. “ನನಗಿನ್ನೂ ಅಷ್ಟು ವಯಸ್ಸಾಗಿಲ್ಲ.”