ಕಾಣಿಯೂರಿಗೆ ಹೋದ ಹರಕೆಯ ಹುಂಜ

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಪ್ರಯೋಗಾಲಯದಲ್ಲಿ ಮಾಡುವ ಕೆಲಸ ಏನೆಂದು ನನಗೆ ಕಳೆದ ರಜೆಯಲ್ಲಿ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು.

ಹಕ್ಕಿಯ ಹಿಕ್ಕೆ, ಬಾವಲಿಯ ಜೊಲ್ಲು ಎಲ್ಲ ತಂದು ಅವಳು ಅದರೊಳಗಿನ ವೈರಸ್ಸನ್ನು ಓದುತ್ತಾಳಂತೆ. ಪ್ರತಿ ವೈರಸ್ಸಿನಲ್ಲೂ ನಾಲ್ಕೇ ಅಕ್ಷರ ಮತ್ತೆ ಮತ್ತೆ ಬರುವ ಉದ್ದನೆಯ ಬರಹ. ಹಿಂದೆ ಯಾರೂ ಓದಿರದ ಬರಹ ಸಿಕ್ಕಿದರೆ ಅದು ಹೊಸ ವೈರಸ್. ವೈರಸ್ ಹೆಚ್ಚುವಾಗ ಆ ಬರಹದ ನಕಲು ಆಗುತ್ತದೆ, ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಬೀಳುತ್ತದೆ. ಎರಡು ಊರಿನ ಕೋಳಿಗಳಲ್ಲಿ ಒಂದೇ ತಪ್ಪು ಕಂಡರೆ ರೋಗ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹಿಡಿಯಬಹುದು.

ಇದು ನನಗೆ ಗೊತ್ತಿರುವ ವಿದ್ಯೆಯೇ. ಊರಿನ ಶಾಲೆಯಲ್ಲಿ ಒಮ್ಮೆ ಪಕ್ಕದವಳ ಸ್ಲೇಟು ನೋಡಿ ಏಳೊಂಬತ್ತಲಿ ಅರವತ್ತೊಂದು ಎಂದು ಬರೆದಿದ್ದೆ. ಮಾಷ್ಟ್ರು ಇಬ್ಬರನ್ನೂ ನಿಲ್ಲಿಸಿ, “ಸರಿ ಉತ್ತರ ಇಬ್ಬರಿಗೂ ಬರಬಹುದು. ಒಂದೇ ತಪ್ಪು ಇಬ್ಬರಿಗೆ ಹೇಗೆ ಬರುದು?” ಎಂದು ಕೇಳಿದ್ದರು.

ಹಾಗಾಗಿ ಮೊಮ್ಮಗಳ ಮಾತು ಕೇಳಿದ ಕೂಡಲೇ ನನಗೆ ಆ ಹುಂಜದ ನೆನಪಾಗಿ ಬೆವರು ಬಂತು.

ಎಪ್ಪತ್ತರ ದಶಕದ ಕೊನೆಯ ಮಾತು. ಗಂಡನ ಮನೆ ಐವರ್ನಾಡು, ತವರು ಕಾಣಿಯೂರು. ಪ್ರತಿ ವರ್ಷ ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಕೋಳಿಗಳಿಗೆ ಸೀಕು ಬರುತ್ತಿತ್ತು. ತೂಕಡಿಸುತ್ತ ಕೂರುತ್ತವೆ, ಹಸಿರು ಹಿಕ್ಕೆ ಹಾಕುತ್ತವೆ, ಕುತ್ತಿಗೆ ತಿರುಚಿ ಬೀಳುತ್ತವೆ. ಆಗ ನಮ್ಮಲ್ಲಿ ಒಂದು ಕ್ರಮ ಇತ್ತು. ನೆರೆಮನೆಯಲ್ಲಿ ಕೋಳಿ ಸತ್ತಿತೆಂದು ಕೇಳಿದ ತಕ್ಷಣ ನಮ್ಮ ಒಳ್ಳೆಯ ಕೋಳಿಯನ್ನು ನೆಂಟರ ಮನೆಗೆ ದಾಟಿಸುವುದು. ಮುಂದಿನ ವರ್ಷ ಅವರ ಕೋಳಿ ನಮ್ಮಲ್ಲಿಗೆ. ಬುದ್ಧಿವಂತರೆಂದೇ ತಿಳಿದಿದ್ದೆವು.

ಅತ್ತೆ ದೈವಕ್ಕೆ ಹರಕೆ ಹೇಳಿ ಬಿಟ್ಟ ಕೆಂಪು ಹುಂಜವೊಂದಿತ್ತು. ಆ ವರ್ಷ ನೆರೆಮನೆಯ ಕೋಳಿ ಸತ್ತ ಕೂಡಲೇ, “ಇದನ್ನು ನಾಳೆಯೇ ನಿನ್ನ ಅಣ್ಣನ ಮನೆಗೆ ಕೊಂಡೋಗು. ಎಂತಾದ್ರೂ ಆದ್ರೆ ದೈವಕ್ಕೆ ಉತ್ತರ ನೀನೇ ಹೇಳ್ಬೇಕು” ಎಂದರು.

ಬುಟ್ಟಿಗೆ ಹಳೆ ಸೀರೆ ಮುಚ್ಚಿ ಬಸ್ಸು ಹತ್ತಿದೆ.

“ಬುಟ್ಟಿಯಲ್ಲಿ ಎಂತ ಅಕ್ಕ?” ಕಂಡಕ್ಟರ್ ಕೇಳಿದ.

“ಬಟ್ಟೆ” ಎಂದೆ.

ಅದೇ ಗಳಿಗೆಯಲ್ಲಿ ಹುಂಜ ಕೂಗಿತು.

“ನಿಮ್ಮ ಬಟ್ಟೆಗೆ ಬೆಳಗಾಯ್ತು ಮಾರಾಯ್ರೆ!”

ಬಸ್ಸಿಡೀ ನಕ್ಕಿತು. ನಾನು ನಾಚಿ ಬುಟ್ಟಿಯ ಮೇಲೆ ಬಗ್ಗಿದೆ. ಬಗ್ಗಿದ್ದರಿಂದಲೇ ನನಗೊಬ್ಬಳಿಗೆ ಕೇಳಿಸಿತು: ಹುಂಜ ಸೀನಿತು.

ತವರಿನಲ್ಲಿ ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಹನ್ನೊಂದು ಹೇಂಟೆ ಸಾಕಿದ್ದಳು. ಹುಂಜವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. “ಎಂತ ಗತ್ತು ಉಂಟು ಮಾರಾಯ್ತಿ ಇದಕ್ಕೆ! ನಿನ್ನ ಅಣ್ಣನಿಗೂ ಇಷ್ಟಿಲ್ಲ.”

ಸೀನಿದ್ದನ್ನು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅದೇ ಬುಟ್ಟಿ ಹೊತ್ತು ಅತ್ತೆಯೆದುರು ಹೋಗಿ ನಿಲ್ಲಬೇಕು.

ಐದನೆಯ ದಿನ ಮೊದಲ ಹೇಂಟೆ ತೂಕಡಿಸಿತು. ನಾನು ಅಲ್ಲಿದ್ದಷ್ಟು ದಿನದಲ್ಲಿ ಒಂಬತ್ತು ಸತ್ತವು. ಅತ್ತಿಗೆ ಒಂದೊಂದನ್ನೂ ಅತ್ತುಕೊಂಡೇ ಹಿತ್ತಲಿನ ತೆಂಗಿನ ಬುಡದಲ್ಲಿ ಹೂತಳು. ಹುಂಜ ಎರಡು ದಿನ ಮಂಕಾಗಿದ್ದು, ಎದ್ದು ರೆಕ್ಕೆ ಬಡಿದು, ದುಪ್ಪಟ್ಟು ಅಕ್ಕಿ ತಿಂದಿತು.

ದನದ ಆಸ್ಪತ್ರೆಯವರು ಬಂದು, “ಹೊರಗಿಂದ ಕೋಳಿ ತಂದದ್ದು ಉಂಟಾ?” ಎಂದು ಕೇಳಿದರು.

“ನಾದಿನಿಯದ್ದು ಒಂದು ಬಂದಿದೆ. ಅದು ನೋಡಿ, ಗುಂಡುಕಲ್ಲಿನ ಹಾಗೆ ಉಂಟು” ಎಂದಳು ಅತ್ತಿಗೆ.

ಅವರು ಹುಂಜವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನೀರು ಬೆಲ್ಲ ತರುವ ನೆಪದಲ್ಲಿ ಒಳಗೆ ಹೋದೆ.

ಕೊನೆಗೆ ತಪ್ಪು ಬಿದ್ದದ್ದು ಮೇಲಿನ ಮನೆಯ ಹೆಂಗಸಿನ ಮೇಲೆ. “ಎಷ್ಟು ದಪ್ಪ ಉಂಟು ನಿಮ್ಮ ಹೇಂಟೆಗಳು” ಎಂದು ಅವಳು ಹಿಂದಿನ ವಾರ ಹೇಳಿದ್ದಳಂತೆ. ಅವಳ ಕಣ್ಣೇ ತಾಗಿದ್ದು ಎಂದು ಅತ್ತಿಗೆ ಅವಳೊಡನೆ ಮಾತು ಬಿಟ್ಟಳು. ಬೇಸಾಯ, ಮದುವೆ, ಹೆರಿಗೆ ಎಷ್ಟೋ ಆದವು, ಇಬ್ಬರೂ ಮಾತಾಡಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ತೀರಿಹೋಗುವವರೆಗೂ ನಿಮ್ಮ ಅಜ್ಜನಿಗೂ ಹೇಳಲಿಲ್ಲ.

“ಹೂತ ಕೋಳಿಯನ್ನೂ ಓದಲಿಕ್ಕೆ ಆಗ್ತದಾ?” ಎಂದು ಮೊಮ್ಮಗಳನ್ನು ಮೆಲ್ಲಗೆ ಕೇಳಿದೆ.

“ಅಗೆದು ನೋಡಿದ್ರೆ ಸಿಕ್ಕಿದ್ರೂ ಸಿಗಬಹುದು ಅಜ್ಜಿ” ಎಂದಳು, ಮುಖ ಗಂಭೀರ ಮಾಡಿ.

ಎರಡು ದಿನ ತಡೆದೆ. ಮೂರನೆಯ ದಿನ ಕಾಣಿಯೂರಿಗೆ ಫೋನು ಮಾಡಿದೆ.

“ಅತ್ತಿಗೆ, ಆ ಹರಕೆಯ ಹುಂಜ ಬಸ್ಸಿನಲ್ಲೇ ಸೀನಿತ್ತು.”

“ನನ್ನ ಮಡಿಲಲ್ಲೂ ಸೀನಿತ್ತು ಮಾರಾಯ್ತಿ. ನಂಗೆ ಅವತ್ತೇ ಗೊತ್ತಿತ್ತು” ಎಂದಳು.

“ಮತ್ತೆ ಎಂತಕ್ಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ವಾಪಸ್ ಕೊಂಡೋಗ್ಬೇಕಿತ್ತು. ನಿನ್ನ ಅತ್ತೆ ಸುಮ್ಮನೆ ಬಿಡ್ತಿದ್ರಾ?”

“ಹಾಗಾದ್ರೆ ಮೇಲಿನ ಮನೆಯವಳೊಟ್ಟಿಗೆ ಮಾತು ಬಿಟ್ಟದ್ದು?”

“ಅದಾ? ಅವಳು ನನ್ನ ದೊಡ್ಡ ಕಂಚಿನ ಉರುಳಿಯನ್ನು ಪಾಯಸಕ್ಕೆ ಅಂತ ಕೊಂಡೋಗಿ ವಾಪಸ್ ಕೊಡ್ಲೇ ಇಲ್ಲ.”

ಫೋನು ಇಟ್ಟು ಎಲ್ಲವನ್ನೂ ಮೊಮ್ಮಗಳಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಮ್ಮ ಊರಿನ ಮಣ್ಣಿನಲ್ಲಿ ಅಂಥದ್ದು ಒಂದು ಮಳೆಗಾಲವೂ ಉಳಿಯುವುದಿಲ್ಲವಂತೆ, ತಮಾಷೆಗೆ ಹೇಳಿದ್ದಂತೆ! ಬೈದೆ. ಆದರೆ ಹೆಚ್ಚು ಬೈಯಲಿಲ್ಲ.

ಬರುವ ವಾರ ಕಾಣಿಯೂರಿಗೆ ಹೋಗುತ್ತೇನೆ, ಅತ್ತಿಗೆಗೆ ಎರಡು ಹೇಂಟೆ ಮರಿ ಕೊಡಲಿಕ್ಕೆ.

“ಮದ್ದು ಹಾಕ್ಸಿದ್ದಾ?” ಎಂದು ಅತ್ತಿಗೆ ಫೋನಿನಲ್ಲಿ ಕೇಳಿದಳು.

“ಹಾಕ್ಸಿದ್ದೇನೆ.”

“ಆದ್ರೂ ಒಂದು ವಾರ ನಿನ್ನಲ್ಲೇ ಇಟ್ಟು ನೋಡು. ಸೀನಿದ್ರೆ ನೀನು ಮಾತ್ರ ಬಾ.”