ಎಡಕ್ಕೆ ಎಳೆದ ಗಾಡಿ

ನಮ್ಮ ಅತ್ತೆಯ ಬಲ ಅಂಗೈ ಎಮ್ಮೆ ತೊಗಲಿನಷ್ಟು ದಪ್ಪಗಿತ್ತು. ಆ ಕೈಯಿಂದ ಅವರು ಟೈರಿನ ಮೈಯನ್ನು ಒಳಗಿನಿಂದ ಹೊರಕ್ಕೊಮ್ಮೆ, ಹೊರಗಿನಿಂದ ಒಳಕ್ಕೊಮ್ಮೆ ಸವರುತ್ತಿದ್ದರು. ಒಂದು ಸಲ ನುಣುಪು, ತಿರುಗಿ ಸವರಿದಾಗ ಚೂಪು ಹತ್ತಿದರೆ ಗಾಲಿಗಳು ನೆಟ್ಟಗೆ ಓಡುತ್ತಿಲ್ಲ ಎಂದೇ ಅರ್ಥ.

ಮಾವ ತೀರಿಕೊಂಡ ಮೇಲೆ ಮುಂಡರಗಿಯ ಟೈರ್ ಅಂಗಡಿಯನ್ನು ಅತ್ತೆಯೇ ನಡೆಸಿದರು. "ಹೆಣ್ಮಗಳು ಗಾಲಿ ಬಿಚ್ಚೂದಂದ್ರ ಹೆಂಗ?" ಎಂದು ಕೇಳಿದವರಿಗೆ, "ಗಾಲೀನ ಕೇಳ್ರಿ, ಅದಕ್ಕೇನರ ನಾಚಿಕಿ ಆಗಾಕತ್ತೈತೇನು" ಎನ್ನುತ್ತಿದ್ದರು.

ಗಿರಾಕಿ ಬಂದು ಅಲೈನ್‌ಮೆಂಟ್ ಮಾಡಿ ಎಂದರೆ ಸುಮ್ಮನೆ ಮಾಡಿಕೊಡುವ ಜಾತಿಯಲ್ಲ ಅವರು. "ಎಳೀತೈತೋ, ನಡಗತೈತೋ? ಮೊದಲ ಅದನ್ನ ಹೇಳ್ರಿ." ಜೋರಾಗಿ ಓಡುವಾಗ ಸ್ಟೇರಿಂಗ್ ನಡುಗಿದರೆ ಗಾಲಿಯ ತೂಕ ಒಂದು ಮಗ್ಗುಲಿಗೆ ಹೆಚ್ಚಾಗಿದೆ, ಅಂಚಿಗೆ ಸೀಸದ ತುಂಡು ಬಡಿದು ಸರಿದೂಗಿಸಬೇಕು. ಗಾಡಿ ಒಂದೇ ಕಡೆಗೆ ಎಳೆದರೆ ಗಾಲಿ ನಿಂತ ರೀತಿ ನೋಡಬೇಕು. ಎಲ್ಲಕ್ಕೂ ಮೊದಲು ಗಾಳಿ. ಗಾಳಿ ನೋಡದೆ ಬೋಲ್ಟು ಬಿಚ್ಚಲು ಪಾನಾ ಹಿಡಿಯುವವರನ್ನು ಕಂಡರೆ ಅತ್ತೆಗೆ ಮೈ ಉರಿಯುತ್ತಿತ್ತು.

ಅವರ ಕಿರಿಯ ಮಗ ನನ್ನ ಗಂಡ. ನಮ್ಮೂರು ಡೋಣಿಯ ಮಕ್ಕಳನ್ನು ವ್ಯಾನಿನಲ್ಲಿ ಮುಂಡರಗಿಯ ಶಾಲೆಗೆ ಬಿಡುತ್ತಿದ್ದರು. ಜ್ವರ ಬಂದದ್ದೊಂದು ನೆಪ, ಹೋಗಿಬಿಟ್ಟರು. ಡೋಣಿಯಿಂದ ಮುಂಡರಗಿಗೆ ಹೊರಟರೆ ಎಡಕ್ಕೆ ಸಿಗುವ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಆಮೇಲೆ ಕೆಲವು ತಿಂಗಳು ವ್ಯಾನು ಗಂಡನ ಅಣ್ಣ, ನಮ್ಮ ಭಾವನವರ ಓಡಾಟಕ್ಕಿತ್ತು. ಅಷ್ಟರಲ್ಲಿ ನಾನು ಲೈಸೆನ್ಸ್ ತೆಗೆಸಿಕೊಂಡು ಬಂದು ಬೀಗದ ಕೈ ಕೇಳಿದೆ.

ಮೊದಲ ದಿನವೇ, ಹೊಲದ ಹತ್ತಿರ, ಮಕ್ಕಳ ಎದುರಿಗೆ, ವ್ಯಾನು ಎಡಕ್ಕೆ ಎಳೆದು ರಸ್ತೆಯ ಅಂಚಿಗೆ ಹೋಯಿತು. ಸಂಜೆಯೊಳಗೆ ಊರು ತೀರ್ಮಾನ ಮಾಡಿಯಾಗಿತ್ತು: "ಅವಂಗ ಹೆಂಡ್ತೀನ್ನ ಬಿಟ್ಟಿರಾಕ ಆಗವಲ್ದು. ಸಮಾಧಿ ಕಡೆ ಎಳಕೊಳ್ಳಾಕತ್ತಾನ." ಮಕ್ಕಳನ್ನು ಕಳಿಸುವುದು ನಿಂತಿತು. ಭಾವ, "ಗಾಡಿ ಮಾರಿಬಿಡೂಣು" ಎಂದರು. ಗಾಡಿ ಹೋದರೆ ನನ್ನ ದುಡಿಮೆಯೇ ಹೋದಂತೆ. ಯಾರದೋ ಮನೆಯ ಮೂಲೆಯಲ್ಲಿ ಕೂತು, ಹಾಕಿದಷ್ಟು ತಿಂದು, ತಲೆ ತಗ್ಗಿಸಿಕೊಂಡಿರಬೇಕಿತ್ತು. ನನಗದು ಬೇಡವಾಗಿತ್ತು. ಈಗಲೂ ಬೇಡ.

ಸುದ್ದಿ ಕೇಳಿದ ಅತ್ತೆ ಅಂಗಡಿ ಮುಚ್ಚಿ ಡೋಣಿಗೆ ಬಂದರು. ಕೇಳಿದ್ದು ಒಂದೇ ಮಾತು. "ತಿರುಗಿ ಬರೂವಾಗ ಎತ್ತ ಎಳೀತು?"

"ಆಗೂ ಎಡಕ್ಕೇರಿ ಅತ್ತಿ."

ಅತ್ತೆ ನೆಟ್ಟಗೆ ಊರ ಕಟ್ಟೆಗೆ ಹೋಗಿ, ಕೂತಿದ್ದ ಹಿರಿಯರ ಮುಂದೆ ನಿಂತರು. "ಹೋಗೂವಾಗ ನನ್ನ ಮಗ ಎಡಕ್ಕ ಅದಾನ, ಖರೆ. ಬರೂವಾಗ ಬಲಕ್ಕ ಆಗ್ತಾನ. ಗಾಡಿ ಮಾತ್ರ ಎರಡೂ ಸಲ ಎಡಕ್ಕ ಎಳೀತೈತಿ. ಸತ್ತ ಕೂಡ್ಲೆ ನನ್ನ ಮಗ ಎಡಾ ಬಲಾ ಮರತಾನೇನ್ರಿ?"

ಅವತ್ತೇ ವ್ಯಾನನ್ನು ಮುಂಡರಗಿಗೆ ತರಿಸಿದರು.

ಅಂಗಡಿಯಲ್ಲಿ ಮೊದಲು ಗಾಳಿ ನೋಡಿದರು, ಸರಿಯಿತ್ತು. ಮುಂದಿನ ಎರಡು ಗಾಲಿಗಳನ್ನು ಅದಲು ಬದಲು ಮಾಡಿ ಓಡಿಸಿದರು. ಆಗಲೂ ಎಡಕ್ಕೇ, ಅಂದರೆ ದೋಷ ಟೈರಿನದಲ್ಲ. ಕೊನೆಗೆ ಗೌಂಡಿಗಳು ಗೋಡೆಗೆ ಹಿಡಿಯುವ ತೂಗುಗುಂಡನ್ನು ಗಾಲಿಯ ಮಗ್ಗುಲಿಗೆ ಇಳಿಬಿಟ್ಟರು. ಬಲಗಾಲಿಯ ನೆತ್ತಿ ಒಳಕ್ಕೆ, ಅಂದರೆ ಎಡಕ್ಕೆ, ವಾಲಿತ್ತು. "ಪೆಟ್ಟು ಬಿದ್ದದ್ದು ಬಲಕ್ಕ, ಎಳಿಯೂದು ಎಡಕ್ಕ" ಎಂದು ಭಾವನನ್ನು ಕರೆದರು. "ಲೇ, ಎಲ್ಲಿ ಕೆಡವಿದಿ?"

"ಶಿಗ್ಲಿ ಹಾದ್ಯಾಗ ಒಂದು ತಗ್ಗು ಇತ್ತು ಬೇ..."

"ಸತ್ತ ತಮ್ಮನ ಮ್ಯಾಲೆ ಹಾಕಿ ಸುಮ್ಮನ ಕುಂತಿದ್ಯಲ್ಲೋ."

ಭಾವ ನೆಲ ನೋಡಿದರು. ನನಗೆ ಅವರ ಮೇಲೆ ಸ್ವಲ್ಪವೂ ಕನಿಕರ ಬರಲಿಲ್ಲ.

ಬಾಗಿದ್ದ ಭಾಗ ಬದಲಿಸಿ, ಗಾಲಿಗಳನ್ನು ಸರಿಗೂಡಿಸಿ, ಅತ್ತೆ ನನ್ನ ಪಕ್ಕದಲ್ಲಿ ಕೂತರು. ಹೊಲ ಬಂತು. "ಸ್ಟೇರಿಂಗ್ ಹಗೂರ ಹಿಡಿ" ಎಂದರು. ವ್ಯಾನು ಅತ್ತಿತ್ತ ಅಲುಗದೆ ಹೊಲ ದಾಟಿತು. ಗೆದ್ದೆವೆಂದು ನಾನು ನಕ್ಕು ತಿರುಗಿದರೆ ಅತ್ತೆಯ ಕಣ್ಣಲ್ಲಿ ನೀರು. "ಖರೇ ಹೇಳ್ತೀನವ್ವಾ, ಒಂಚೂರು ಎಳದಿದ್ರ ಛಲೋ ಇತ್ತು ಅನಿಸ್ತು" ಎಂದರು. ನನಗೂ ಹಾಗೇ ಅನಿಸಿತ್ತು. ಗಾಡಿ ನಿಲ್ಲಿಸಿ ಇಬ್ಬರೂ ಅತ್ತೆವು. ಸೆರಗಿನಿಂದ ಮುಖ ಒರೆಸಿಕೊಂಡು ಅವರೇ ಮೊದಲು, "ನಡಿ ಇನ್ನ" ಎಂದರು.

ಮರುದಿನ ಮುಂದಿನ ಸೀಟಿನಲ್ಲಿ ಕೂತು ಮನೆಮನೆಗೆ ಹೇಳಿದರು: "ಸಾಯೂದಾದ್ರ ಮೊದಲ ನಾ ಸಾಯ್ತೀನಿ, ಮುಂದ ಕುಂತೀನಲ್ಲ. ಕಳಸ್ರಿ ಹುಡುಗೂರನ್ನ." ಒಂದೊಂದೇ ಮನೆಯ ಬಾಗಿಲು ತೆರೆಯಿತು.

ಹೋದ ವರ್ಷ ಅತ್ತೆಯೂ ಹೋದರು. ಮಗನ ಪಕ್ಕದಲ್ಲೇ ಮಲಗಿಸಿದೆವು. "ಇನ್ನ ಇಬ್ಬರೂ ಕೂಡಿ ಎಳೀತಾರ ನೋಡು" ಎಂದು ಯಾರೋ ಅಂದರಂತೆ. ಅನ್ನಲಿ. ಮಕ್ಕಳನ್ನು ತುಂಬಿಕೊಂಡು ನನ್ನ ವ್ಯಾನು ದಿನವೂ ಆ ಹೊಲದ ಮುಂದೆ ನೆಟ್ಟಗೆ ಹೋಗುತ್ತದೆ. ಮಕ್ಕಳನ್ನು ಇಳಿಸಿದ ಮೇಲೆ ಒಮ್ಮೊಮ್ಮೆ ಅಲ್ಲಿ ನಿಲ್ಲಿಸುತ್ತೇನೆ, ಹೌದು. ಆಗಲೂ ಸ್ಟೇರಿಂಗ್ ತಿರುಗಿಸುವವಳು ನಾನೇ.